ಪ್ರತಿ ಸಲ ಡಾಕ್ಟರೇ ನೋಡಬೇಕಾ? ಬಿಪಿ, ಶುಗರ್ ಇರುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಡಾಕ್ಟರ್ ಒಬ್ಬರೇ ನೋಡುತ್ತಿದ್ದ ಕಡೆ ಈಗ ನರ್ಸ್, ಫಾರ್ಮಸಿಸ್ಟ್, ಡಯೆಟಿಷಿಯನ್, ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಎಲ್ಲರೂ ಸೇರಿ ನೋಡುತ್ತಿದ್ದಾರೆ, ಇದು ಒಳ್ಳೆಯದಾ ಕೆಟ್ಟದ್ದಾ ಅಂತ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕಷ್ಟೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನನಗೆ 58 ವರ್ಷ. ಬಿಪಿ, ಶುಗರ್ ಎರಡೂ ಇವೆ. ನಾನು ಹೋಗುವ ಕ್ಲಿನಿಕ್‌ನಲ್ಲಿ ಮೊದಲು ಪ್ರತಿ ಸಲ ಡಾಕ್ಟರೇ ನೋಡುತ್ತಿದ್ದರು. ಈಗ ಹೆಚ್ಚಿನ ಸಲ ನರ್ಸ್ ಬಿಪಿ ಅಳೆದು, ಕಾಲು ನೋಡಿ, ಮಾತ್ರೆ ಬಗ್ಗೆ ವಿಚಾರಿಸಿ ಕಳಿಸುತ್ತಾರೆ. ಡಾಕ್ಟರ್ ಸಿಗುವುದು ಆರು ತಿಂಗಳಿಗೊಮ್ಮೆ. ಸುಮ್ನೆ ಸಾಗಹಾಕುತ್ತಿದ್ದಾರೆ ಅನ್ನಿಸುತ್ತದೆ. ಬೇರೆ ಕಡೆ ಹೋಗಲಾ?

ಉತ್ತರ: ಇಷ್ಟು ಬೇಗ ಹೋಗಬೇಡಿ. ನಿಮ್ಮ ಬೇಸರ ಅರ್ಥವಾಗುತ್ತದೆ. ವರ್ಷಗಟ್ಟಲೆ ಒಬ್ಬರನ್ನೇ ನಂಬಿಕೊಂಡು ಬಂದವರಿಗೆ ಬೇರೆ ಮುಖ ಎದುರಿಗೆ ಬಂದರೆ ಕಸಿವಿಸಿ ಆಗುವುದು ಸಹಜ. ಆದರೆ ಬಿಪಿ ಮತ್ತು ಶುಗರ್ ಎಂಥ ಕಾಯಿಲೆಗಳು ಅಂತ ಸ್ವಲ್ಪ ಯೋಚಿಸಿ. ಇವು ಹತೋಟಿಗೆ ಬರುವುದಾಗಲಿ, ಹತೋಟಿ ತಪ್ಪುವುದಾಗಲಿ ಡಾಕ್ಟರ ಎದುರು ಕೂತ ಹತ್ತು ನಿಮಿಷದಲ್ಲಿ ಅಲ್ಲ. ಅದೆಲ್ಲ ಆಗುವುದು ಒಂದು ಭೇಟಿಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ. ಮಾತ್ರೆ ಮುಗಿದು ನಾಲ್ಕು ದಿನ ಆಗಿರುತ್ತದೆ. ಹೊಸ ಮಾತ್ರೆಯಿಂದ ಕಾಲು ಊದಿ, ಯಾರಿಗೂ ಹೇಳದೆ ನಿಲ್ಲಿಸಿರುತ್ತೀರಿ. ಮಂಡಿ ನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ ಬಿಪಿಯನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಆರು ತಿಂಗಳಿಗೊಮ್ಮೆ ಸಿಗುವ ಒಬ್ಬ ಡಾಕ್ಟರಿಗೆ, ಅವರು ಎಷ್ಟೇ ಒಳ್ಳೆಯವರಿರಲಿ, ಇದೆಲ್ಲ ಕಾಣುವುದೇ ಇಲ್ಲ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಚೀನಾದ 326 ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಸುಮಾರು 34,000 ಬಿಪಿ ರೋಗಿಗಳು. ಅರ್ಧ ಹಳ್ಳಿಗಳಲ್ಲಿ, ಪೂರ್ಣ ವೈದ್ಯಕೀಯ ಪದವಿ ಇಲ್ಲದ ಸ್ಥಳೀಯ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾತ್ರೆ ಹೇಗೆ ಹೆಚ್ಚಿಸಬೇಕು ಅಂತ ಹಂತಹಂತವಾಗಿ ಬರೆದುಕೊಟ್ಟು, ಮೇಲಿನಿಂದ ಡಾಕ್ಟರು ಉಸ್ತುವಾರಿ ನೋಡಿಕೊಂಡರು. ಉಳಿದ ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆ. ಹದಿನೆಂಟು ತಿಂಗಳಾದ ಮೇಲೆ ನೋಡಿದರೆ, ತಂಡ ಇದ್ದ ಹಳ್ಳಿಗಳಲ್ಲಿ 57% ಜನರ ಬಿಪಿ 130/80ಕ್ಕಿಂತ ಕೆಳಗೆ ಬಂದಿತ್ತು. ಉಳಿದ ಕಡೆ ಅದು 20%ರ ಆಸುಪಾಸು. ಮುಂದೆ ಇನ್ನೂ ಹೆಚ್ಚು ದಿನ ಗಮನಿಸಿದಾಗ ಹೃದಯಾಘಾತ, ಸ್ಟ್ರೋಕ್‌ನಂಥ ಅನಾಹುತಗಳೂ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿದ್ದವು.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇನ್ನೂ ವಿಚಿತ್ರವಾದ ಜಾಗದಲ್ಲಿ ಇದೇ ಕೆಲಸ ಮಾಡಿದರು. ಕ್ಷೌರದಂಗಡಿಯಲ್ಲಿ! ಡಾಕ್ಟರ ಹತ್ತಿರ ಹೋಗಲು ಹಿಂದೇಟು ಹಾಕುವ ಕಪ್ಪು ವರ್ಣೀಯ ಗಂಡಸರು ಕ್ಷೌರಕ್ಕಂತೂ ತಪ್ಪದೆ ಬರುತ್ತಾರೆ ಅಲ್ವಾ, ಹಾಗಾಗಿ ತರಬೇತಾದ ಫಾರ್ಮಸಿಸ್ಟ್‌ಗಳು ಅಲ್ಲಿಗೇ ಹೋಗಿ ಬಿಪಿ ನೋಡಿ, ಅವರ ಡಾಕ್ಟರ ಒಪ್ಪಿಗೆಯ ಮೇಲೆ ಮಾತ್ರೆ ಬರೆದುಕೊಟ್ಟು, ಏರಿಳಿಸುತ್ತಾ ಹೋದರು. ಆರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 27 ಪಾಯಿಂಟ್ ಇಳಿಯಿತು. 'ಡಾಕ್ಟರ ಹತ್ತಿರ ಹೋಗಿ' ಎಂದು ಸಲಹೆ ಮಾತ್ರ ಸಿಕ್ಕ ಗುಂಪಿನಲ್ಲಿ ಇಳಿದದ್ದು 9 ಪಾಯಿಂಟ್. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ಮೇಲಿನ ಬಿಪಿ ಬರೀ 10 ಪಾಯಿಂಟ್ ಇಳಿದರೂ ಸ್ಟ್ರೋಕ್ ಅಪಾಯ ಹೆಚ್ಚುಕಡಿಮೆ ಕಾಲು ಭಾಗ ತಗ್ಗುತ್ತದೆ ಎನ್ನುವುದು ಗೊತ್ತಿದ್ದರೆ 27 ಎಷ್ಟು ದೊಡ್ಡದು ಅಂತ ತಿಳಿಯುತ್ತದೆ.

ನಿಮ್ಮ ಕಾಲನ್ನು ನರ್ಸ್ ನೋಡುತ್ತಾರೆ ಎಂದು ಬರೆದಿದ್ದೀರಿ. ಆ ಒಂದು ಸಾಲು ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಒಳ್ಳೆಯ ನರ್ಸ್ ಅದನ್ನು ಮಾಡುವ ರೀತಿ ಹೀಗೆ: ಸಾಕ್ಸ್ ಬಿಚ್ಚಿಸಿ, ಬೆರಳ ಸಂದಿಗಳನ್ನು ಅಗಲಿಸಿ ಬೆಳಕಿನಲ್ಲಿ ನೋಡುತ್ತಾರೆ, ಹಿಮ್ಮಡಿಯ ಬಿರುಕು ನೋಡುತ್ತಾರೆ. ಆಮೇಲೆ ನಿಮಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಸಣ್ಣ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಅದು ಬಾಗುವವರೆಗೆ ಹಿಡಿದು, 'ಗೊತ್ತಾಯ್ತಾ? ಎಲ್ಲಿ?' ಎಂದು ಕೇಳುತ್ತಾರೆ. ಹೆಬ್ಬೆರಳ ಕೆಳಗೆ ಒತ್ತಿದ್ದು ನಿಮಗೆ ಗೊತ್ತೇ ಆಗದಿದ್ದರೆ, ನಾಳೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿ ಗಾಯವಾದರೂ ಗೊತ್ತಾಗುವುದಿಲ್ಲ. ಶುಗರ್ ಇರುವವರ ಕಾಲು ಕೈತಪ್ಪಿ ಹೋಗುವುದು ಬಹಳ ಸಲ ಹೀಗೇ ಶುರುವಾಗುತ್ತದೆ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಈ ಪರೀಕ್ಷೆಗೆ ಕೂರುವ ಡಾಕ್ಟರು ಅಪರೂಪ. ಅದು ಅವರ ಅಸಡ್ಡೆ ಅಲ್ಲ, ಅವರಿಗೆ ಸಮಯವೇ ಇರುವುದಿಲ್ಲ.

ಹಾಗಂತ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ ಎನ್ನುತ್ತಿಲ್ಲ. ನರ್ಸ್ ಕೂರಿಸಿದ ಮಾತ್ರಕ್ಕೆ ಅದು ತಂಡ ಆಗುವುದಿಲ್ಲ. ಮುಂದಿನ ಸಲ ಹೋದಾಗ ಕೇಳಿ, ನನ್ನ ಬಿಪಿ ಇಷ್ಟಕ್ಕಿಂತ ಜಾಸ್ತಿ ಬಂದರೆ ನೀವು ಏನು ಮಾಡುತ್ತೀರಿ ಅಂತ. 'ನಮ್ಮಲ್ಲಿ ಲಿಖಿತ ನಿಯಮ ಇದೆ, ಈ ಮಾತ್ರೆ ಇಷ್ಟಕ್ಕೆ ಏರಿಸುತ್ತೇವೆ, ಅದಕ್ಕೂ ಬಗ್ಗದಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸುತ್ತೇವೆ' ಎಂಬ ಉತ್ತರ ಬಂದರೆ ನೀವು ಸರಿಯಾದ ಜಾಗದಲ್ಲೇ ಇದ್ದೀರಿ. 'ಬರೆದಿಡುತ್ತೇವೆ, ಡಾಕ್ಟರು ಬಂದಾಗ ನೋಡುತ್ತಾರೆ' ಎಂದರೆ ಮಾತ್ರ ನಿಮ್ಮ ಅನುಮಾನ ಸರಿ. ಬರೀ ಅಂಕಿ ಬರೆದುಕೊಳ್ಳುವುದರಿಂದ ಯಾರ ಬಿಪಿಯೂ ಇಳಿಯುವುದಿಲ್ಲ.

ಪ್ರಶ್ನೆ: ಡಾಕ್ಟರ್ ಬಿಪಿ ಮಾತ್ರೆ ಬೆಳಿಗ್ಗೆ ತೊಗೊಳ್ಳಿ ಅಂದರು. ಫಾರ್ಮಸಿಸ್ಟ್ ರಾತ್ರಿ ಒಳ್ಳೆಯದು ಅಂದರು. ನರ್ಸ್ ಯಾವಾಗಾದರೂ ಸರಿ ಅಂದರು. ಇಷ್ಟು ಜನ ಇದ್ದರೆ ಇಷ್ಟು ಮಾತು. ಯಾರ ಮಾತು ಕೇಳಲಿ?

ಉತ್ತರ: ಈ ವಿಷಯದಲ್ಲಿ ನರ್ಸ್ ಮಾತು ಸರಿ. ಬ್ರಿಟನ್‌ನಲ್ಲಿ ಸುಮಾರು 21,000 ಜನರನ್ನು ಐದು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ ಅಧ್ಯಯನ 2022ರಲ್ಲಿ ಬಂತು. ಬೆಳಿಗ್ಗೆ ತೆಗೆದುಕೊಂಡವರಿಗೂ ರಾತ್ರಿ ತೆಗೆದುಕೊಂಡವರಿಗೂ ಹೃದಯಾಘಾತ, ಸ್ಟ್ರೋಕ್ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮಗೆ ಮರೆಯದ ಹೊತ್ತು ಯಾವುದೋ ಅದೇ ಸರಿಯಾದ ಹೊತ್ತು. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ಮಾತ್ರ ಬೆಳಿಗ್ಗೆಯೇ ವಾಸಿ, ಇಲ್ಲದಿದ್ದರೆ ರಾತ್ರಿಯಿಡೀ ಎದ್ದೆದ್ದು ಓಡಾಡಬೇಕಾಗುತ್ತದೆ.

ಆದರೆ ನಿಮ್ಮ ದೂರು ಮಾತ್ರೆಯ ಹೊತ್ತಿಗಿಂತ ದೊಡ್ಡದು, ಮತ್ತು ನ್ಯಾಯವಾದದ್ದು. ಮೂವರು ಮೂರು ಮಾತಾಡಿದರೆ ರೋಗಿ ಮೂವರನ್ನೂ ನಂಬುವುದು ಬಿಡುತ್ತಾನೆ. ನೀವು ಮಾಡಬೇಕಾದ್ದು ಇಷ್ಟು. ಒಂದೇ ಒಂದು ಹಾಳೆಯಲ್ಲಿ ನಿಮ್ಮ ಎಲ್ಲ ಮಾತ್ರೆಗಳ ಹೆಸರು, ಡೋಸು, ಹೊತ್ತು, ಯಾವುದಕ್ಕೆ ಅಂತ ಬರೆಸಿಕೊಳ್ಳಿ. ಯಾರೇ ಏನೇ ಬದಲಾಯಿಸಿದರೂ ಆ ಹಾಳೆಯಲ್ಲೇ ಬದಲಾಯಿಸಲಿ, ದಿನಾಂಕ ಹಾಕಲಿ. ಹಾಳೆಯಲ್ಲಿ ಬರೆಯದ ಬಾಯಿಮಾತಿನ ಸಲಹೆಯನ್ನು ಪಾಲಿಸುವ ಮುಂಚೆ 'ಇದು ನಮ್ಮ ಡಾಕ್ಟರಿಗೆ ಗೊತ್ತಾ?' ಎಂದು ಕೇಳಿ. ಹೀಗೆ ಕೇಳುವುದು ಒರಟುತನ ಅಲ್ಲ. ಇನ್ನೊಂದು, ಗೊಂದಲವಾದಾಗ ಯಾರಿಗೆ ಫೋನ್ ಮಾಡಬೇಕು ಅಂತ ಒಬ್ಬರ ಹೆಸರು ಕೇಳಿಟ್ಟುಕೊಳ್ಳಿ. ತಂಡದಲ್ಲಿ ಎಷ್ಟೇ ಜನ ಇರಲಿ, ರೋಗಿಗೆ ಗುರುತಿನ ಒಂದು ಮುಖ ಬೇಕೇ ಬೇಕು.

ಪ್ರಶ್ನೆ: ನಾನು ಒಂದು ಸಣ್ಣ ಕ್ಲಿನಿಕ್‌ನಲ್ಲಿ ನರ್ಸ್. ಇರುವುದು ಡಾಕ್ಟರ್, ನಾನು, ಮತ್ತು ಚೀಟಿ ಬರೆಯುವ ಒಬ್ಬರು. ದೊಡ್ಡ ಆಸ್ಪತ್ರೆಗಳಲ್ಲಿ ಡಯೆಟಿಷಿಯನ್, ಫಾರ್ಮಸಿಸ್ಟ್ ಎಲ್ಲ ಇರುತ್ತಾರೆ. ನಮ್ಮಂಥ ಕಡೆ ತಂಡ ಅನ್ನುವುದು ಕನಸಲ್ವಾ ಸರ್?

ಉತ್ತರ: ಅಲ್ಲಮ್ಮ. ಮೂರು ಜನ ಸಾಕು. ತಂಡಕ್ಕೆ ಬೇಕಾದದ್ದು ತಲೆಗಳ ಸಂಖ್ಯೆ ಅಲ್ಲ, ಯಾರು ಏನು ಮಾಡಬೇಕು ಅಂತ ಮೊದಲೇ ತೀರ್ಮಾನ ಆಗಿರುವುದು.

ಮೊದಲ ಕೆಲಸ ರಿಜಿಸ್ಟರ್. ಒಂದು ನೋಟ್‌ಬುಕ್ ಆದರೂ ಸರಿ, ಕಂಪ್ಯೂಟರ್ ಇದ್ದರೆ ಇನ್ನೂ ಸುಲಭ. ನಿಮ್ಮ ಕ್ಲಿನಿಕ್‌ಗೆ ಬರುವ ಬಿಪಿ, ಶುಗರ್ ಇರುವ ಪ್ರತಿಯೊಬ್ಬರ ಹೆಸರು, ಕೊನೆಯ ಬಿಪಿ, ಕೊನೆಯ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುವ ಪರೀಕ್ಷೆ, ಮುಂದೆ ಬರಬೇಕಾದ ದಿನ. ಇದನ್ನು ಬರೆಯಲು ಶುರು ಮಾಡಿದ ಕೂಡಲೇ ಕಣ್ಣಿಗೆ ಕಾಣುವುದು ಬಂದವರಲ್ಲ, ಬಾರದವರು. ನನ್ನ ಅನುಭವದಲ್ಲಿ ಸ್ಟ್ರೋಕ್ ಆಗಿ ಬರುವವರು ಬಹಳ ಸಲ ಹೀಗೆ ತಪ್ಪಿಸಿಕೊಂಡವರೇ. ಸರದಿಯಲ್ಲಿ ಕೂತವರನ್ನಷ್ಟೇ ನೋಡುವ ಡಾಕ್ಟರಿಗೆ ಮನೆಯಲ್ಲಿ ಉಳಿದವರು ಕಾಣುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಚೀಟಿ ಬರೆಯುವವರನ್ನು ಕೂರಿಸಿ, ದಿನ ತಪ್ಪಿಸಿದವರಿಗೆ ಫೋನ್ ಮಾಡಿಸಿ. ಯಾಕೆ ಬರಲಿಲ್ಲ ಅಂತ ಗದರಿಸುವ ಫೋನ್ ಬೇಡ. 'ಮಾತ್ರೆ ಇದೆಯಾ, ಮುಗಿದಿದೆಯಾ?' ಅಷ್ಟು ಕೇಳಿದರೆ ಸಾಕು.

ಎರಡನೆಯದು, ಗೋಡೆಗೆ ಅಂಟಿಸಬಹುದಾದ ಒಂದೇ ಪುಟದ ನಿಯಮ. ಮೊದಲ ಮಾತ್ರೆ ಯಾವುದು, ಎಷ್ಟು ಡೋಸು, ಎಷ್ಟು ವಾರಕ್ಕೆ ಮತ್ತೆ ಅಳೆಯಬೇಕು, ಇಳಿಯದಿದ್ದರೆ ಏನು, ಯಾವಾಗ ನೀವು ಡಾಕ್ಟರನ್ನು ಕರೆಯಲೇಬೇಕು. ಇದನ್ನು ಬರೆದು ಸಹಿ ಹಾಕಬೇಕಾದವರು ನಿಮ್ಮ ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹಾರ್ಟ್ಸ್ ಎಂಬ ಕಾರ್ಯಕ್ರಮ ಶುರು ಮಾಡಿದಾಗ ಇಂಥ ಸರಳ ನಿಯಮಗಳಿಗೂ ತಂಡದ ಕೆಲಸಕ್ಕೂ ಅದರಲ್ಲಿ ಪ್ರತ್ಯೇಕ ಜಾಗವನ್ನೇ ಕೊಟ್ಟಿತು. 2021ರ ಮಾರ್ಗಸೂಚಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತರಬೇತಿ, ಲಿಖಿತ ನಿಯಮ, ಡಾಕ್ಟರ ಉಸ್ತುವಾರಿ ಇದ್ದರೆ ನರ್ಸ್, ಫಾರ್ಮಸಿಸ್ಟ್‌ಗಳೂ ಬಿಪಿ ಔಷಧಿ ಕೊಡಬಹುದು ಎಂದಿತು. ನಿಮ್ಮ ಕಡೆಯ ಕಾನೂನು ನರ್ಸ್‌ಗೆ ಎಷ್ಟು ಅಧಿಕಾರ ಕೊಡುತ್ತದೆ ಎನ್ನುವುದನ್ನು ನೋಡಿಕೊಂಡೇ ಮುಂದುವರಿಯಬೇಕು. ಅದರಲ್ಲಿ ರಾಜಿ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಬಿಪಿ 150 ಇದ್ದದ್ದು ಕಂಡೂ 'ಇರಲಿ, ಮುಂದಿನ ತಿಂಗಳು ನೋಡೋಣ' ಎಂದು ಅದೇ ಮಾತ್ರೆ ಮುಂದುವರಿಸುವುದು ನಮ್ಮಲ್ಲಿ, ಅಂದರೆ ವೈದ್ಯರಲ್ಲಿ, ಬೇರೂರಿದ ಅಭ್ಯಾಸ. ಆ ಮುಂದಿನ ತಿಂಗಳು ಬಂದಾಗಲೂ ಅದೇ ಮಾತು. ಹೀಗೆ ವರ್ಷಗಳು ಕಳೆಯುತ್ತವೆ. ಗೋಡೆಯ ಮೇಲೆ ನಿಯಮ ಇದ್ದು, ನೀವು 'ಸರ್, ಇವರದು ಎರಡನೇ ಸಲ ಜಾಸ್ತಿ ಬಂದಿದೆ' ಎಂದು ಹೇಳಿದರೆ ಅದು ನಿಲ್ಲುತ್ತದೆ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಎಂಬ ದೊಡ್ಡ ಆರೋಗ್ಯ ಸಂಸ್ಥೆ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಎಲ್ಲ ಬಿಪಿ ರೋಗಿಗಳ ಒಂದು ರಿಜಿಸ್ಟರ್, ಎಲ್ಲರಿಗೂ ಒಂದೇ ಸರಳ ಔಷಧ ಕ್ರಮ, ಎರಡು ಔಷಧ ಒಂದೇ ಮಾತ್ರೆಯಲ್ಲಿ, ಮಾತ್ರೆ ಬದಲಾದ ಎರಡರಿಂದ ನಾಲ್ಕು ವಾರಕ್ಕೆ ಸಹಾಯಕ ಸಿಬ್ಬಂದಿಯ ಹತ್ತಿರ ಬಂದು ಬಿಪಿ ಮಾತ್ರ ಅಳೆಸಿಕೊಂಡು ಹೋಗುವ ವ್ಯವಸ್ಥೆ, ಅದಕ್ಕೆ ರೋಗಿ ಹಣ ಕಟ್ಟಬೇಕಾಗಿರಲಿಲ್ಲ. 2001ರಲ್ಲಿ ಅವರ ರೋಗಿಗಳಲ್ಲಿ ಬಿಪಿ ಹತೋಟಿಯಲ್ಲಿದ್ದದ್ದು ಸುಮಾರು 44% ಜನರಿಗೆ. 2009ಕ್ಕೆ ಅದು 80% ಆಯಿತು. ಇದರಲ್ಲಿ ಹೊಸ ಔಷಧಿ ಒಂದೂ ಇರಲಿಲ್ಲ, ಗಮನಿಸಿ.

ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಮೂವರೂ ನಿಂತಲ್ಲೇ ಐದು ನಿಮಿಷ ಮಾತಾಡಿಕೊಳ್ಳಿ. ಇವತ್ತು ಯಾರು ಬರುತ್ತಾರೆ, ಯಾರ ಕಿಡ್ನಿ ಪರೀಕ್ಷೆ ಬಾಕಿ, ಯಾರ ಕಣ್ಣು ನೋಡಿಸಿ ವರ್ಷ ಆಯಿತು. ಅಷ್ಟರಿಂದಲೇ ದಿನದ ಕೆಲಸ ಎಷ್ಟು ಹಗುರ ಆಗುತ್ತದೆ ಅಂತ ನಿಮಗೇ ತಿಳಿಯುತ್ತದೆ.

ಪ್ರಶ್ನೆ: ಮನೆಯ ಮೆಷಿನ್‌ನಲ್ಲಿ ನನ್ನ ಬಿಪಿ 130ರ ಹತ್ತಿರ. ಕ್ಲಿನಿಕ್‌ನಲ್ಲಿ 150. ನರ್ಸ್ ಮಾತ್ರೆ ಜಾಸ್ತಿ ಮಾಡಬೇಕು ಅನ್ನುತ್ತಾರೆ. ಯಾವುದು ನಿಜ?

ಉತ್ತರ: ಎರಡೂ ನಿಜ ಇರಬಹುದು. ಕ್ಲಿನಿಕ್‌ನಲ್ಲಿ ಆತಂಕಕ್ಕೆ ಬಿಪಿ ಏರುವವರು ಬಹಳ ಜನ. ಆದರೆ ಮೊದಲು ಅಳೆಯುವುದು ಸರಿಯಾಗಿದೆಯಾ ನೋಡೋಣ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಪಟ್ಟಿ ಬರಿ ತೋಳಿಗೆ ಸುತ್ತಬೇಕು, ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅಳೆಯುವಾಗ ಮಾತಾಡಬಾರದು. ಹೀಗೆ ಒಂದು ವಾರ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ನಿಮಿಷ ಬಿಟ್ಟು ಅಳೆದು, ಬಂದದ್ದನ್ನು ಬಂದ ಹಾಗೇ ಬರೆಯಿರಿ. ಜಾಸ್ತಿ ಬಂದದ್ದನ್ನು ಬಿಟ್ಟು ಚೆಂದದ ಅಂಕಿ ಮಾತ್ರ ಬರೆಯುವವರಿದ್ದಾರೆ, ಹಾಗೆ ಮಾಡಬೇಡಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ನೋಡುತ್ತಾರೆ. ಕ್ಲಿನಿಕ್‌ನ 140/90ಕ್ಕೆ ಮನೆಯಲ್ಲಿ 135/85 ಸಮ ಅಂತ ಲೆಕ್ಕ. ಶುಗರ್ ಕೂಡ ಇದ್ದರೆ ಗುರಿ ಸಾಮಾನ್ಯವಾಗಿ 130/80ಕ್ಕಿಂತ ಕೆಳಗೆ.

ಆ ಹಾಳೆಯನ್ನೂ ಮೆಷಿನ್ನನ್ನೂ ಎರಡನ್ನೂ ಕ್ಲಿನಿಕ್‌ಗೆ ಒಯ್ಯಿರಿ. ಅವರ ಮೆಷಿನ್ ಪಕ್ಕದಲ್ಲಿ ನಿಮ್ಮದನ್ನು ಇಟ್ಟು ಹೋಲಿಸಲಿ. ಮಾತ್ರೆ ಜಾಸ್ತಿ ಮಾಡಬೇಕಾ ಬೇಡವಾ ಅಂತ ಆಮೇಲೆ ಇಬ್ಬರೂ ಕೂತು ತೀರ್ಮಾನಿಸಿ. ಹೀಗೆ ಮಾಡಿದಾಗ ನೀವೂ ಆ ತಂಡದಲ್ಲಿ ಒಬ್ಬರು.

ಪ್ರಶ್ನೆ: ನಮ್ಮ ತಂದೆಗೆ 71. ಬಿಪಿ, ಶುಗರ್, ಹೃದಯದ ತೊಂದರೆ. ಡಾಕ್ಟರು ಕೇಳಿದರೆ 'ಎಲ್ಲ ಮಾತ್ರೆ ತೊಗೊಳ್ತಾ ಇದ್ದೀನಿ' ಅನ್ನುತ್ತಾರೆ. ಆದರೆ ಮಾತ್ರೆ ಡಬ್ಬಿ ತುಂಬಿಯೇ ಇರುತ್ತದೆ. ಅಮ್ಮ ಹೋದ ಮೇಲೆ ಮಾತೂ ಕಡಿಮೆಯಾಗಿದೆ. ಬೈದೂ ನೋಡಿದೆ, ಬೇಡಿಯೂ ನೋಡಿದೆ. ಏನು ಮಾಡಲಿ?

ಉತ್ತರ: ಮೊದಲು ಬೈಯುವುದನ್ನು ನಿಲ್ಲಿಸಿ. ನಿಮ್ಮ ಕಳಕಳಿ ನನಗೆ ಗೊತ್ತಾಗುತ್ತದೆ, ಆದರೆ ಬೈದರೆ ಅವರು ಇನ್ನಷ್ಟು ಮುಚ್ಚಿಡುತ್ತಾರೆ. ಡಾಕ್ಟರ ಎದುರು 'ತೊಗೊಳ್ತಾ ಇದ್ದೀನಿ' ಎನ್ನುವ ಹಿರಿಯರು ಎಷ್ಟೋ ಜನ. ಅದೇ ಜನ ಫಾರ್ಮಸಿಸ್ಟ್ ಹತ್ತಿರವೋ ನರ್ಸ್ ಹತ್ತಿರವೋ ನಿಜ ಹೇಳಿಬಿಡುತ್ತಾರೆ. ಯಾಕೆಂದರೆ ಅಲ್ಲಿ ಅವರಿಗೆ ಪರೀಕ್ಷೆಗೆ ಕೂತ ಹಾಗೆ ಅನ್ನಿಸುವುದಿಲ್ಲ.

ಮನೆಯಲ್ಲಿರುವ ಎಲ್ಲ ಮಾತ್ರೆ, ಹಳೆಯದು ಹೊಸದು ನೋವಿನದು ನಿದ್ದೆಯದು, ಒಂದು ಚೀಲಕ್ಕೆ ತುಂಬಿಕೊಂಡು ಫಾರ್ಮಸಿಸ್ಟ್ ಮುಂದೆ ಸುರಿಯಿರಿ. ಒಂದೇ ಔಷಧಿ ಎರಡು ಕಂಪನಿಗಳ ಹೆಸರಲ್ಲಿ ಎರಡು ಪಟ್ಟಿಯಾಗಿ ಇರುತ್ತದೆ, ಎರಡನ್ನೂ ತೆಗೆದುಕೊಂಡು ತಲೆಸುತ್ತು ಬಂದು, ಕೊನೆಗೆ ಎಲ್ಲವನ್ನೂ ಬಿಟ್ಟವರನ್ನು ನೋಡಿದ್ದೇನೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಇದ್ದರೆ ಮುಖ್ಯವಾಗಿ ತೋರಿಸಿ. ಅವು ಬಿಪಿ ಏರಿಸುತ್ತವೆ, ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ಆಮೇಲೆ ತಂದೆಯನ್ನೇ ಕೇಳಿಸಿ: ಯಾವ ಮಾತ್ರೆ ಒಗ್ಗುತ್ತಿಲ್ಲ? ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಗೆ ಪಾದ ಊದಬಹುದು. ಎನಾಲಾಪ್ರಿಲ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆಗಳಿಗೆ ಒಣಕೆಮ್ಮು ಬರಬಹುದು. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಗೆ ಹೊಟ್ಟೆ ಕೆಡಬಹುದು. ಇವಕ್ಕೆಲ್ಲ ಪರಿಹಾರ ಇದೆ, ಆದರೆ ಬಾಯಿ ಬಿಟ್ಟರೆ ಮಾತ್ರ. ಎರಡು ಮಾತ್ರೆಗೆ ಬದಲು ಎರಡೂ ಸೇರಿದ ಒಂದು ಮಾತ್ರೆ ಸಿಗುತ್ತದಾ ಅಂತಲೂ ಕೇಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರೆ ಡಬ್ಬಿ ಅಲ್ಲ, ಅಮ್ಮ ಹೋದ ಮೇಲೆ ಮಾತು ಕಡಿಮೆಯಾಗಿದೆ ಎಂಬ ಸಾಲು. ಖಿನ್ನತೆ ಇರುವವರಿಗೆ ಮಾತ್ರೆ ತೆಗೆದುಕೊಳ್ಳುವ ಮನಸ್ಸೇ ಇರುವುದಿಲ್ಲ. ಇದನ್ನು ಹಟ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಖಿನ್ನತೆಯ ಜೊತೆ ಹತೋಟಿಗೆ ಬಾರದ ಶುಗರ್ ಅಥವಾ ಹೃದಯದ ಕಾಯಿಲೆ ಇದ್ದ 214 ಜನರನ್ನು ತೆಗೆದುಕೊಂಡು, ಅರ್ಧ ಜನರಿಗೆ ಒಬ್ಬೊಬ್ಬ ನರ್ಸನ್ನು ಜೊತೆ ಮಾಡಿದರು. ಆ ನರ್ಸ್ ಮನಸ್ಸಿನ ಸ್ಥಿತಿ, ಶುಗರ್, ಬಿಪಿ ಎಲ್ಲವನ್ನೂ ಒಟ್ಟಿಗೆ ನೋಡಿಕೊಂಡರು, ಹಿಂದೆ ಡಾಕ್ಟರುಗಳು ಇದ್ದರು. ವರ್ಷದ ಕೊನೆಗೆ ಖಿನ್ನತೆಯೂ ಇಳಿದಿತ್ತು, ಶುಗರ್, ಬಿಪಿ, ಕೊಲೆಸ್ಟರಾಲ್ ಕೂಡ ಇಳಿದಿದ್ದವು. ಹಾಗಾಗಿ ಮುಂದಿನ ಭೇಟಿಗೆ ಮುಂಚೆಯೇ ನರ್ಸ್‌ಗೆ ಫೋನ್ ಮಾಡಿ ಈ ವಿಷಯ ಹೇಳಿಡಿ. ಅವರು ತಂದೆಯ ಜೊತೆ ಒಬ್ಬರೇ ಕೂತು ನಿದ್ದೆ, ಊಟ, ಬೇಸರ ವಿಚಾರಿಸಲಿ. ಆ ಹೊತ್ತು ನೀವು ಹೊರಗಿರಿ. ಬದುಕೇ ಸಾಕು ಎನ್ನುವಂಥ ಮಾತು ಅವರಿಂದ ಬಂದಿದ್ದರೆ ಭೇಟಿಯ ದಿನಕ್ಕೆ ಕಾಯಬೇಡಿ, ಇವತ್ತೇ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ತಂಡ ಇರುವುದೇ ಸರಿ, ಆದರೆ ತುರ್ತು ಅಂತ ಯಾವಾಗ ಅಂದುಕೊಳ್ಳಬೇಕು? ನರ್ಸ್‌ಗೆ ಫೋನ್ ಮಾಡಿ ಕಾಯುತ್ತಾ ಕೂರಬೇಕಾ?

ಉತ್ತರ: ಮುಖ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲಿಗೆ ಬಲ ಹೋದರೆ, ಮಾತು ತೊದಲಿದರೆ, ಎದೆ ಹಿಡಿದ ಹಾಗಾದರೆ, ಉಸಿರು ಕಟ್ಟಿದರೆ ಫೋನು ಗೀನು ಬೇಡ, ನೇರ ದೊಡ್ಡ ಆಸ್ಪತ್ರೆಗೆ. ಬಿಪಿ 180/120 ದಾಟಿ ಇಂಥ ಯಾವುದಾದರೂ ಲಕ್ಷಣ, ಅಥವಾ ಜೋರು ತಲೆನೋವು, ಕಣ್ಣು ಮಂಜು ಇದ್ದರೂ ಅಷ್ಟೇ. ಲಕ್ಷಣ ಏನೂ ಇಲ್ಲದೆ ಅಂಕಿ ಮಾತ್ರ ಅಷ್ಟಿದ್ದರೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಹಾಗೇ ಇದ್ದರೆ ಅದೇ ದಿನ ಕ್ಲಿನಿಕ್‌ಗೆ ತಿಳಿಸಿ.

ಶುಗರ್ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ, ಗಲಿಬಿಲಿ ಬಂದರೆ ತಕ್ಷಣ 15 ಗ್ರಾಂನಷ್ಟು ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ. ಸುಧಾರಿಸಿಕೊಂಡ ಮೇಲೆ ನರ್ಸ್‌ಗೆ ಹೇಳಲೇಬೇಕು, ಯಾಕೆಂದರೆ ಡೋಸು ಇಳಿಸಬೇಕಾಗಬಹುದು.

ಪ್ರಶ್ನೆ: ನರ್ಸ್ ಫೋನಿನಲ್ಲೇ ಮಾತ್ರೆ ಡೋಸ್ ಹೆಚ್ಚಿಸಿದರು. ಸುರಕ್ಷಿತವಾ?

ಉತ್ತರ: ನಿಮ್ಮ ಮನೆಯ ಬಿಪಿ ಅಂಕಿಗಳನ್ನು ಕೇಳಿ, ತಲೆಸುತ್ತು ಇದೆಯಾ ವಿಚಾರಿಸಿ, ಡಾಕ್ಟರ ಲಿಖಿತ ನಿಯಮದ ಪ್ರಕಾರ ಮಾಡಿದ್ದರೆ ಹೌದು. ಹೊಸ ಡೋಸ್ ಶುರುವಾದ ದಿನಾಂಕ ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ. ಮಾತ್ರೆಯ ಹೆಸರು 'ಪ್ರಿಲ್' ಅಥವಾ 'ಸಾರ್ಟನ್' ಎಂದು ಕೊನೆಯಾಗುತ್ತಿದ್ದರೆ, ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವುದು), ಪೊಟ್ಯಾಸಿಯಂ ರಕ್ತ ಪರೀಕ್ಷೆ ಯಾವಾಗ ಮಾಡಿಸಬೇಕು ಅಂತ ಅವರಿಗೇ ಫೋನ್ ಮಾಡಿ ಕೇಳಿಬಿಡಿ.